ರಬ್ಬರ್ ಮೀನಿಗೆ ಸಿಗಡಿಯ ರಸ

ಗಾಳದ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಮೀನನ್ನು ಸೆಳೆಯಲು ಗಾಳಕ್ಕೆ ಸಿಕ್ಕಿಸುವ ಮೆತುವಾದ ಪ್ಲಾಸ್ಟಿಕ್ ಲ್ಯೂರ್‌ಗಳಿಗೆ (ನಕಲಿ ಮೀನು, ಸಿಗಡಿಗಳಿಗೆ) ಮನೆಯಲ್ಲೇ ವಾಸನೆ ಹಚ್ಚುವುದನ್ನು ಕುರಿತ ಮೂರು ಪ್ರಶ್ನೆಗಳನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಕಾಳಿ ನದಿಯ ಅಳಿವೆಯಲ್ಲಿ ಎರಡು ವರ್ಷಗಳಿಂದ ರಬ್ಬರ್ ಮೀನು ಕಟ್ಟಿ ಚೊಣಕ ಮೀನಿಗೆ ಗಾಳ ಹಾಕುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಸೆಂಟ್ ಬಾಟಲಿ ದುಬಾರಿಯೆಂದು, ತಾರ್ಲೆ (ಬೂತಾಯಿ) ಮೀನು ಕುದಿಸಿ ತೆಗೆದ ಎಣ್ಣೆಯಲ್ಲಿ ಲ್ಯೂರ್‌ಗಳನ್ನು ಅದ್ದಿ ಡಬ್ಬಿಯಲ್ಲಿಟ್ಟೆ. ಮೂರು ವಾರ ಕಳೆದು ತೆರೆದಾಗ ಡಬ್ಬಿಯ ತಳ ಕರಗಿ ಅಂಟಂಟಾಗಿತ್ತು, ಎರಡು ಲ್ಯೂರ್‌ಗಳು ಒಂದಕ್ಕೊಂದು ಬೆಸೆದುಹೋಗಿದ್ದವು, ನಾತಕ್ಕೆ ಹೆದರಿ ಮನೆಯವರು ಡಬ್ಬಿಯನ್ನು ಅಂಗಳದಾಚೆ ಇಟ್ಟರು. ಹಾಗೆಂದು ಮೀನೇನೂ ಹೆಚ್ಚು ಸಿಗಲಿಲ್ಲ. ತಪ್ಪು ಎಲ್ಲಾಯಿತು?
— ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿದ್ದು, ಡಬ್ಬಿ ಕರಗಿದ್ದಕ್ಕೆ ತಾರ್ಲೆ ಎಣ್ಣೆ ಕಾರಣವಲ್ಲ. ಇಂಥ ಲ್ಯೂರ್‌ಗಳಲ್ಲಿ ಹೆಚ್ಚಿನವು ಪಿವಿಸಿ ಪುಡಿಯನ್ನು ಮೆದುಕಾರಕವೆಂಬ ಎಣ್ಣೆಯಂಥ ದ್ರವದಲ್ಲಿ ಬೆರೆಸಿ ಕಾಯಿಸಿ ಎರಕ ಹೊಯ್ದವು. ಅವು ಬಗ್ಗುವುದೂ ಬಳುಕುವುದೂ ಆ ದ್ರವದಿಂದಲೇ. ಅದು ಲ್ಯೂರ್‌ನೊಳಗೆ ಗಟ್ಟಿಯಾಗಿ ಕಟ್ಟಿಕೊಂಡು ಕೂರುವುದಿಲ್ಲ. ಪಕ್ಕದಲ್ಲಿ ಒಗ್ಗುವ ಪ್ಲಾಸ್ಟಿಕ್ ಇದ್ದರೆ ನಿಧಾನವಾಗಿ ಅದರೊಳಕ್ಕೆ ಇಳಿದು ಅದನ್ನೂ ಮೆತ್ತಗಾಗಿಸುತ್ತದೆ. ಗಾಜಿನಂತೆ ಪಾರದರ್ಶಕವಾಗಿ, ಬಿದ್ದರೆ ಸೀಳುವ ಅಗ್ಗದ ಡಬ್ಬಿಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್‌ನವು, ಈ ದ್ರವಕ್ಕೆ ಮೊದಲು ಸೋಲುವುದೂ ಅವೇ. ಡಬ್ಬಿಯ ತಳ ತಿರುಗಿಸಿ ತ್ರಿಕೋನದೊಳಗಿನ ಅಂಕಿಯನ್ನು ನೋಡಿ: 6 ಇದ್ದರೆ ಬೇಡ, 5 ಇದ್ದರೆ ಪಾಲಿಪ್ರೊಪಿಲೀನ್, ಅದು ತಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಲ್ಯೂರ್ ಬಂದ ಪಾಲಿಥೀನ್ ಚೀಲದಲ್ಲೇ ಅದನ್ನು ಇಟ್ಟುಬಿಡುವುದು.

ಬೆಸೆದುಹೋದ ಜೋಡಿಯಲ್ಲಿ ಒಂದು ಬಹುಶಃ ಬೇರೆ ಜಾತಿಯದು. ಎಳೆದರೆ ಹಲವು ಪಟ್ಟು ಉದ್ದಕ್ಕೆ ಹಿಗ್ಗುವ, ಗಾಳದ ಮುಳ್ಳಿಲ್ಲದೆ ನೀರಿಗೆ ಹಾಕಿದರೆ ತೇಲುವ ಲ್ಯೂರ್‌ಗಳು ಈಗ ಸಾಕಷ್ಟು ಬರುತ್ತಿವೆ. ಅವು ಪಿವಿಸಿಯವಲ್ಲ. ಪಿವಿಸಿ ಲ್ಯೂರ್ ಜೊತೆ ಒಂದೇ ಚೀಲದಲ್ಲಿಟ್ಟರೆ ಎರಡೂ ಕರಗಿ ಒಂದಾಗುತ್ತವೆ. ಅವಕ್ಕೆ ಪ್ಯಾರಾಫಿನ್ ಎಣ್ಣೆಯಾಗಲಿ ವ್ಯಾಸಲೀನ್ ಆಗಲಿ ಹಚ್ಚಲೇಬಾರದು, ಉಬ್ಬಿ ಹಾಳಾಗುತ್ತವೆ.

ಇನ್ನು ನಾತ. ತಾರ್ಲೆಯ ಕೊಬ್ಬು ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುವ ಜಾತಿಯದು. ಹಿಂದೆ ಕರಾವಳಿಯಲ್ಲಿ ಈ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು; ಮರಕ್ಕೆ ಕೆಟ್ಟರೇನು, ಒಣಗಿ ಪದರ ಕಟ್ಟಿದರೆ ಸಾಕಾಗಿತ್ತು. ಲ್ಯೂರ್‌ಗೆ ಹಾಗಲ್ಲ. ಕುದಿಸಿದ ಎಣ್ಣೆಯ ತಳದಲ್ಲಿ ಉಳಿಯುವ ನೀರು ಮತ್ತು ಮಾಂಸದ ಚೂರುಗಳೇ ಕೊಳೆಯುವುದು. ಎಣ್ಣೆಯನ್ನು ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಮೇಲಿನದನ್ನಷ್ಟೇ ತೆಳು ಬಟ್ಟೆಯಲ್ಲಿ ಸೋಸಿ, ಬಣ್ಣದ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ, ಔಷಧಿ ಅಂಗಡಿಯ ವಿಟಮಿನ್ ಇ ಗುಳಿಗೆಯೊಂದನ್ನು ಚುಚ್ಚಿ ಹಿಂಡಿ, ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ದಿನ ಬಾಳುತ್ತದೆ. ಫ್ರಿಜ್ಜಿಗೆ ಮನೆಯವರ ಒಪ್ಪಿಗೆ ನೀವೇ ಪಡೆಯಬೇಕು.

ಮೀನು ಹೆಚ್ಚು ಸಿಗದಿರುವುದಕ್ಕೆ ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಸಿಗಡಿ, ಬೊಂಡಾಸ್ (ಸ್ಕ್ವಿಡ್), ತಾರ್ಲೆ, ಬೆಳ್ಳುಳ್ಳಿ, ಸೋಂಪು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲ್ಯೂರ್‌ಗೆ ಯಾವುದು ಒಳ್ಳೆಯದು, ಮನೆಯಲ್ಲಿ ಹೇಗೆ ಮಾಡಿಕೊಳ್ಳಬೇಕು? ನಾನು ಹೆಚ್ಚಾಗಿ ಅಘನಾಶಿನಿ ನದಿಯ ಗಜನಿಗಳ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ತೂಬುಗಳ ಬಳಿ ಗಾಳ ಹಾಕುವವನು.
— ಓದುಗರೊಬ್ಬರು, ಕುಮಟಾ

ಉತ್ತರ: ಮೊದಲು ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದಕ್ಕೆ ತಾರ್ಲೆ ಎಣ್ಣೆಯ ಒಂದು ಹನಿ, ಇನ್ನೊಂದಕ್ಕೆ ಒಣ ಸಿಗಡಿ ನೆನೆಸಿದ ಉಪ್ಪುನೀರಿನ ಒಂದು ಹನಿ ಬಿಡಿ. ಎಣ್ಣೆ ಮೇಲೆಯೇ ಉಳಿದು ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುತ್ತದೆ. ಸಿಗಡಿಯ ನೀರು ಊದುಬತ್ತಿಯ ಹೊಗೆಯಂತೆ ಎಳೆಎಳೆಯಾಗಿ ತಳಕ್ಕಿಳಿದು ಕರಗುತ್ತದೆ. ಮೀನಿನ ಮೂಗಿಗೆ ಬೇಕಾದದ್ದು ಎರಡನೆಯದು. ಮೀನಿನ ಮೂಗಿಗೂ ಉಸಿರಾಟಕ್ಕೂ ಸಂಬಂಧವಿಲ್ಲ. ಮೂತಿಯ ಮೇಲಿನ ಸಣ್ಣ ರಂಧ್ರಗಳ ಮೂಲಕ ನೀರು ಒಳಹೊಕ್ಕು ಹೊರಬರುವಾಗ, ಅದರಲ್ಲಿ ಕರಗಿರುವ ಅಮೈನೋ ಆಮ್ಲಗಳಂಥ ವಸ್ತುಗಳನ್ನು ಅದು ಗುರುತಿಸುತ್ತದೆ. ಸಿಗಡಿ, ಏಡಿ, ಬಳಚು, ಬೊಂಡಾಸ್‌ಗಳ ಮಾಂಸದಲ್ಲಿ ಗ್ಲೈಸಿನ್, ಬೀಟೈನ್ ಮೊದಲಾದ ಇಂಥ ವಸ್ತುಗಳು ಹೇರಳವಾಗಿವೆ, ಅವು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ನಮ್ಮ ಮೂಗಿಗೆ ಬಡಿಯುವ ಎಣ್ಣೆಯ ಘಾಟು ಬಹಳ ಮಟ್ಟಿಗೆ ದಡದಲ್ಲಿರುವ ನಮಗೇ ಮೀಸಲು. ಎಣ್ಣೆ ನಿರುಪಯೋಗಿಯೆಂದಲ್ಲ, ರಸವನ್ನು ಲ್ಯೂರ್‌ಗೆ ಅಂಟಿಸಿ ಹಿಡಿದಿಡುವುದು ಅದರ ಕೆಲಸ, ರಸವಿಲ್ಲದ ಬರೀ ಎಣ್ಣೆಯಿಂದ ಹೆಚ್ಚು ನಿರೀಕ್ಷಿಸಬೇಡಿ.

ನನ್ನ ವಿಧಾನ ಹೀಗಿದೆ. ಒಣ ಸಣ್ಣ ಸಿಗಡಿ ಸುಮಾರು 50 ಗ್ರಾಂ ತೆಗೆದುಕೊಂಡು, ಕೈಗೆ ಗರಿಗರಿಯಾಗುವಷ್ಟು ಬಿಸಿಲಿಗೆ ಹಾಕಿ, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡುತ್ತೇನೆ. ಅದರಲ್ಲಿ ಅರ್ಧವನ್ನು 100 ಮಿಲಿ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಉಪ್ಪಿನೊಂದಿಗೆ ಹಾಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಸೋಸಿ, ಬಂದ ರಸಕ್ಕೆ ಅದರ ಅರ್ಧದಷ್ಟು ಗ್ಲಿಸರಿನ್ ಬೆರೆಸುತ್ತೇನೆ. ಗ್ಲಿಸರಿನ್ ನೀರಿನೊಂದಿಗೆ ಬೆರೆಯುತ್ತದೆ, ಬೇಗ ಒಣಗುವುದಿಲ್ಲ, ರಸ ಲ್ಯೂರ್‌ನ ಮೈಯಿಂದ ಜಾರಿಹೋಗುವುದನ್ನು ತಡೆಯುತ್ತದೆ. ಮೀನು ಹಿಡಿಯಲು ಹೋಗುವ ಹಿಂದಿನ ದಿನ, ಬೇಕಾದ ನಾಲ್ಕೈದು ಪಿವಿಸಿ ಲ್ಯೂರ್‌ಗಳನ್ನು ಮಾತ್ರ ಜಿಪ್ ಚೀಲದಲ್ಲಿ ಈ ರಸದೊಂದಿಗೆ ಇಡುತ್ತೇನೆ. ಎರಡು ಮೂರು ದಿನಗಳಲ್ಲಿ ಮುಗಿಸದ ರಸವನ್ನು ಚೆಲ್ಲುವುದೇ ಸರಿ.

ಉಳಿದರ್ಧ ಪುಡಿಯನ್ನು ಮುಲಾಮಿಗೆ ಬಳಸಬಹುದು. ವ್ಯಾಸಲೀನ್ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನುಣ್ಣಗೆ ಜರಡಿ ಹಿಡಿದ ಸಿಗಡಿ ಪುಡಿಯನ್ನೂ ಒಂದು ಚಮಚ ತಾರ್ಲೆ ಎಣ್ಣೆಯನ್ನೂ ಸೇರಿಸಿ, ತಣಿಯುವವರೆಗೆ ಕಲಕುತ್ತಿರಬೇಕು. ಇಲ್ಲವಾದರೆ ಪುಡಿಯೆಲ್ಲ ತಳ ಸೇರುತ್ತದೆ. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ವ್ಯಾಸಲೀನ್ ನೀರಾಗಿ ಸೋರುವುದರಿಂದ, ಶಿರಸಿ ಕಡೆಯ ಜೇನು ಸಾಕುವವರ ಹತ್ತಿರ ಸಿಗುವ ಮೇಣವನ್ನು ಅಡಿಕೆಯಷ್ಟು ಸೇರಿಸಿಕೊಳ್ಳುತ್ತೇನೆ. ಪಿವಿಸಿ ಲ್ಯೂರ್‌ನ ಹೊಟ್ಟೆಯಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಮಾಡಿ ಈ ಮುಲಾಮನ್ನು ಅದರೊಳಗೆ ಒತ್ತಿದರೆ, ಮೈಗೆ ಬಳಿದದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ಬೆಳ್ಳುಳ್ಳಿ ಮತ್ತು ಸೋಂಪಿನ ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇಲ್ಲ. ಕೈಯಲ್ಲಿ ಉಳಿದ ಪೆಟ್ರೋಲು, ಸಾಬೂನುಗಳ ವಾಸನೆಯನ್ನು ಮುಚ್ಚಲು ಅವು ನೆರವಾಗಬಹುದು. ಆದರೆ ಸಂಜೆ ತೂಬಿನ ಬಾಯಲ್ಲಿ ಸೊಳ್ಳೆಗೆಂದು ಹಚ್ಚಿಕೊಳ್ಳುವ ಮುಲಾಮಿನ ವಿಷಯ ಬೇರೆ. ಅದರಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಲ್ಯೂರ್ ಮತ್ತು ರೀಲಿನ ಪ್ಲಾಸ್ಟಿಕ್ ಭಾಗಗಳನ್ನೇ ತಿನ್ನುತ್ತದೆ. ಅಂಗೈಗೆ ತಾಗದಂತೆ ಮುಂಗೈಯಿಂದ ಸವರಿಕೊಳ್ಳುವುದು ಲೇಸು.

ವಾಸನೆ ದೂರದ ಮೀನನ್ನು ಕರೆದು ತರುತ್ತದೆಂಬ ಭರವಸೆಯೂ ಬೇಡ. ಲ್ಯೂರ್ ಎಸೆದು ಎಳೆಯುವ ಗಾಳದಲ್ಲಿ ವಾಸನೆಯ ಎಳೆ ನೀರಿನಲ್ಲಿ ಕಟ್ಟುವಷ್ಟರಲ್ಲಿ ಲ್ಯೂರ್ ದಡಕ್ಕೆ ಬಂದಿರುತ್ತದೆ. ಚೊಣಕ ಕಣ್ಣಿನಿಂದಲೂ ಮೈಯ ಪಕ್ಕದ ಗೆರೆಗೆ ತಾಗುವ ನೀರಿನ ಅಲುಗಾಟದಿಂದಲೂ ಬೇಟೆ ಹಿಡಿದು ಒಮ್ಮೆಲೇ ಬಾಯಿ ಹಾಕುವ ಮೀನು. ವೇಗವಾಗಿ ಎಳೆಯುವವರಿಗೆ ಸಿಗಡಿ ರಸ ಬಹುಪಾಲು ದಂಡ, ಕೋಡಿಬಾಗದ ಓದುಗರಿಗೂ ಇದೇ ಉತ್ತರ. ರಸ ಕೆಲಸಕ್ಕೆ ಬರುವುದು ಮೀನು ಲ್ಯೂರನ್ನು ಬಾಯಲ್ಲಿಟ್ಟುಕೊಂಡ ಮೇಲೆ. ಬರೀ ಪ್ಲಾಸ್ಟಿಕ್ ಎಂದು ತಿಳಿದರೆ ತಕ್ಷಣ ಉಗಿಯುವ ಮೀನು, ರುಚಿ ಇದ್ದರೆ ಒಂದು ಕ್ಷಣ ಹೆಚ್ಚು ಹಿಡಿದುಕೊಂಡಿರುತ್ತದೆ, ಕೋಲೆತ್ತಲು ನಮಗೆ ಆ ಕ್ಷಣ ಸಾಕು. ಆದ್ದರಿಂದ ಮಳೆಗಾಲದ ಕೆಂಪು ನೀರಿನಲ್ಲಿ, ಕತ್ತಲಲ್ಲಿ, ಅಥವಾ ಇಳಿತದ ಹೊತ್ತು ತೂಬಿನಿಂದ ಸಿಗಡಿ ಮರಿಗಳು ಹೊರಬೀಳುವಾಗ ಲ್ಯೂರನ್ನು ತಳದಲ್ಲಿ ಕುಪ್ಪಳಿಸುತ್ತ, ನಿಲ್ಲಿಸುತ್ತ ತರುವವರಿಗೆ ಇದು ಸಾರ್ಥಕ. ತಳದಲ್ಲಿ ಮೇಯುವ ಕಾಣೆ, ಬಂಡೆ ಸಂದಿಯ ತಾಂಬೊಸ ಇಂಥ ಗಾಳಕ್ಕೆ ಒಲಿಯುತ್ತವೆ. ಏಡಿಗಳೂ, ಹೊಟ್ಟೆ ಉಬ್ಬಿಸುವ ಮೀನುಗಳೂ ಬರುತ್ತವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯೂರ್‌ನ ಬಾಲ ಅರ್ಧಚಂದ್ರಾಕಾರದಲ್ಲಿ ಕತ್ತರಿ ಹಾಕಿದಂತೆ ಹೋಗಿದ್ದರೆ ಅದು ಆ ಎರಡನೆಯವರ ಸಹಿ.

ನಂಬಿಕೆ ಬರದಿದ್ದರೆ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ, ಒಂದೇ ಬಣ್ಣದ ಒಂದೇ ತೂಕದ ಲ್ಯೂರ್ ಕಟ್ಟಿ, ಒಬ್ಬರು ರಸ ಹಚ್ಚಿ ಒಬ್ಬರು ಹಚ್ಚದೆ, ಅರ್ಧ ಗಂಟೆಗೊಮ್ಮೆ ಜಾಗವನ್ನೂ ಕೋಲನ್ನೂ ಬದಲಿಸಿಕೊಂಡು ಲೆಕ್ಕ ಬರೆದಿಡಿ. ನಾಲ್ಕು ಭಾನುವಾರಗಳಿಗಿಂತ ಕಡಿಮೆ ಲೆಕ್ಕದಿಂದ ಏನನ್ನೂ ತೀರ್ಮಾನಿಸಬೇಡಿ.

ಪ್ರಶ್ನೆ: ಭಾನುವಾರಗಳಂದು ದೇವಿಮನೆ ಘಾಟಿಯಿಳಿದು ತದಡಿಗೆ ಹೋಗುತ್ತೇನೆ. ಹರಿದ ಲ್ಯೂರ್‌ಗಳನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯುವಾಗಲೇ ಸಿಗಡಿ ರಸವನ್ನೂ ಉಪ್ಪನ್ನೂ ಬೆರೆಸಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ರಸವನ್ನು ಖಂಡಿತ ಬೆರೆಸಬಾರದು. ಈ ಪ್ಲಾಸ್ಟಿಕ್ ಹದಕ್ಕೆ ಬರುವುದು ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರಲ್ಲಿ ನೀರಿನ ಒಂದು ಹನಿ ಬಿದ್ದರೂ ಕಾದ ಎಣ್ಣೆಗೆ ಬಿದ್ದಂತೆ ಸಿಡಿಯುತ್ತದೆ, ಸಿಡಿದದ್ದು ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಉಪ್ಪನ್ನು ಬೆರೆಸಬಹುದು, ಆದರೆ ಸಾಣಿಕಟ್ಟಾದ ಉಪ್ಪನ್ನು ಚೀಲದಿಂದ ತೆಗೆದು ನೇರವಾಗಿ ಹಾಕಬೇಡಿ. ಅದರಲ್ಲಿ ತೇವ ಇರುತ್ತದೆ. ಬಾಣಲೆಯಲ್ಲಿ ಚೆನ್ನಾಗಿ ಹುರಿದು, ನುಣ್ಣಗೆ ಪುಡಿ ಮಾಡಿದ ಮೇಲೆ ಸೇರಿಸಿ. ಉಪ್ಪು ಹೆಚ್ಚಿದಷ್ಟೂ ಲ್ಯೂರ್ ಬೇಗ ಮುಳುಗುತ್ತದೆ, ಬೇಗ ಹರಿಯುತ್ತದೆ. ವಾಸನೆಯನ್ನು ಎರಕ ತಣಿದ ಮೇಲೆ ಹಚ್ಚುವುದೇ ಸರಿ.

ಪಿವಿಸಿ ಅತಿಯಾಗಿ ಕಾದರೆ ಹಳದಿಗೆ ತಿರುಗಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಕೆಲಸ ಹಿತ್ತಿಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕನ್ನಡಕ ಮತ್ತು ಉದ್ದ ತೋಳಿನ ಅಂಗಿಯೊಂದಿಗೆ ನಡೆಯಲಿ. ಹಳೆಯ ಲ್ಯೂರ್‌ಗಳನ್ನು ಸಾಬೂನಿನಿಂದ ತೊಳೆದು ಎರಡು ದಿನ ಒಣಗಿಸಬೇಕು, ಅವುಗಳ ಸೀಳುಗಳಲ್ಲೇ ನೀರು ಅಡಗಿರುತ್ತದೆ. ಬರೀ ತಲೆಯೋ ಬಾಲವೋ ಹರಿದಿದ್ದರೆ ಇಷ್ಟೆಲ್ಲ ಬೇಡ: ಎಣ್ಣೆ ಪೂರ್ತಿ ಒರೆಸಿ, ಕಾಯಿಸಿದ ಚಾಕುವಿನ ಅಲಗನ್ನು ಎರಡು ತುದಿಗಳ ನಡುವೆ ಹಿಡಿದು, ಅಲಗು ಎಳೆದ ಕೂಡಲೇ ಒತ್ತಿ ಹತ್ತು ಎಣಿಸಿದರೆ ಕೂಡಿಕೊಳ್ಳುತ್ತದೆ. ಕರಗಿಸಲು ಬಳಸಿದ ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಹೋಗಬಾರದು.