ಟೆಸ್ಟಿಂಗ್‌ಗೆ ಸಿದ್ಧ ವಿಎಂಗಳು: ಎಷ್ಟಿರಬೇಕು, ಹಿಂದಕ್ಕೆ ಪಡೆಯುವುದು ಹೇಗೆ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಾನು ಟೆಸ್ಟಿಂಗ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. 256 ಜಿಬಿ ಮೆಮೊರಿಯ ಒಂದು ಸರ್ವರ್‌ನಲ್ಲಿ 40 ವರ್ಚುವಲ್ ಮೆಷಿನ್‌ಗಳನ್ನು (ವಿಎಂ, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್‌ಗಳನ್ನು) ಇಟ್ಟುಕೊಂಡಿದ್ದೇವೆ. ಯಾವುದು ಯಾರ ಬಳಿ ಇದೆ ಎಂಬುದನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೇವೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದೂ ಸಿಗುವುದಿಲ್ಲ, ಮಧ್ಯಾಹ್ನ ನೋಡಿದರೆ ಅರ್ಧಕ್ಕರ್ಧ ಸುಮ್ಮನೆ ಓಡುತ್ತಿರುತ್ತವೆ. ನಿನ್ನೆ ಪಾಸಾದ ಟೆಸ್ಟ್ ಇಂದು ಕಾರಣವೇ ಇಲ್ಲದೆ ಫೇಲಾಗುತ್ತದೆ. ಇನ್ನೊಂದು ಸರ್ವರ್ ಕೊಳ್ಳುವುದೊಂದೇ ದಾರಿಯೇ?

ಉತ್ತರ: ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವ ಎರಡೂ ತೊಂದರೆಗಳ ಮೂಲ ಒಂದೇ: ನಿಮ್ಮಲ್ಲಿ ಯಂತ್ರ ಕೊಡುವ ಪದ್ಧತಿ ಇದೆ, ಹಿಂದಕ್ಕೆ ಪಡೆಯುವ ಪದ್ಧತಿ ಇಲ್ಲ. ಟೆಸ್ಟ್ ಮುಗಿಸಿದವರು ಹಾಳೆಯಿಂದ ತಮ್ಮ ಹೆಸರನ್ನು ಅಳಿಸಲು ಮರೆಯುತ್ತಾರೆ; ಅಳಿಸಿದರೂ, ಅವರು ಹಾಕಿದ ಪ್ಯಾಚ್, ಬದಲಿಸಿದ ರಿಜಿಸ್ಟ್ರಿ ನಮೂದು, ಬಿಟ್ಟುಹೋದ ತಾತ್ಕಾಲಿಕ ಫೈಲು ಎಲ್ಲವೂ ಮುಂದಿನವರ ಪಾಲಿಗೆ ಬರುತ್ತವೆ. ನಿನ್ನೆ ಪಾಸಾದದ್ದು ಇಂದು ಫೇಲಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು. ಅದಕ್ಕಿಂತಲೂ ಆತಂಕ ಪಡಬೇಕಾದ ಸಂಗತಿ ಎಂದರೆ, ಫೇಲಾಗಬೇಕಾಗಿದ್ದ ಟೆಸ್ಟು ಯಾರೋ ಬಿಟ್ಟುಹೋದ ಫೈಲಿನ ದಯೆಯಿಂದ ಪಾಸಾಗಿಬಿಡುವುದು. ಅಂಥ ದೋಷ ಗ್ರಾಹಕರ ಕಂಪ್ಯೂಟರಿನಲ್ಲಿಯೇ ಬಯಲಾಗುತ್ತದೆ.

ಉಂಡ ಎಲೆಯನ್ನು ತೊಳೆದು ಮತ್ತೊಬ್ಬರಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಳಸಿದ ವಿಎಂಗೂ ಅದೇ ನಿಯಮವಿರಲಿ. ಶುಚಿಗೊಳಿಸುವ ಸ್ಕ್ರಿಪ್ಟ್ ಬರೆಯಲು ಹೊರಟವರು ಏನೇನನ್ನು ಅಳಿಸಬೇಕು ಎಂಬ ಪಟ್ಟಿಯನ್ನು ಎಂದಿಗೂ ಮುಗಿಸಲಾರರು. ಬಳಸಿದ ಯಂತ್ರವನ್ನು ಪೂರ್ತಿಯಾಗಿ ಅಳಿಸಿ, ಮೂಲ ಟೆಂಪ್ಲೇಟ್‌ನಿಂದ (ಅಚ್ಚಿನಂತೆ ಇಟ್ಟುಕೊಂಡ ಶುದ್ಧ ಪ್ರತಿಯಿಂದ) ಹೊಸದೊಂದನ್ನು ತಯಾರಿಸಿ ಪೂಲ್‌ಗೆ, ಅಂದರೆ ಹಂಚಲು ಇಟ್ಟ ಯಂತ್ರಗಳ ಗುಂಪಿಗೆ, ಸೇರಿಸಿ.

ಇನ್ನು ಎಷ್ಟು ಯಂತ್ರಗಳು ಬೇಕು ಎಂಬ ಲೆಕ್ಕ. ಇದನ್ನು ತಂಡದ ತಲೆ ಎಣಿಸಿ ನಿರ್ಧರಿಸಬಾರದು. ಬೇಡಿಕೆ ಬರುವ ವೇಗ, ಬಳಕೆಯ ಅವಧಿ ಮತ್ತು ತಯಾರಿಗೆ ಹಿಡಿಯುವ ಸಮಯ ಈ ಮೂರರಿಂದ ನಿರ್ಧರಿಸಬೇಕು. ನಿಮ್ಮಲ್ಲಿ ಅತಿ ಹೆಚ್ಚು ಒತ್ತಡವಿರುವ ಹೊತ್ತಿನಲ್ಲಿ ಗಂಟೆಗೆ 30 ಯಂತ್ರಗಳಿಗೆ ಬೇಡಿಕೆ ಬರುತ್ತದೆ, ಒಂದನ್ನು ಸರಾಸರಿ 40 ನಿಮಿಷ ಬಳಸುತ್ತಾರೆ, ಹೊಸದೊಂದನ್ನು ತಯಾರಿಸಲು 8 ನಿಮಿಷ ಹಿಡಿಯುತ್ತದೆ ಎಂದುಕೊಳ್ಳೋಣ. ಆಗ ಯಾವುದೇ ಕ್ಷಣದಲ್ಲಿ ಬಳಕೆಯಲ್ಲಿರುವ ಯಂತ್ರಗಳು ಸರಾಸರಿ 20. ಸರತಿಯ ಗಣಿತದಲ್ಲಿ ಇದನ್ನು ಲಿಟಲ್ ನಿಯಮ ಎನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಗಣಿತೀಯ ಪುರಾವೆ ಒದಗಿಸಿದರು. ಒಂದು ಯಂತ್ರ ತಯಾರಾಗುವ 8 ನಿಮಿಷಗಳಲ್ಲಿ ನಾಲ್ವರು ಬಂದು ಕೇಳುತ್ತಾರೆ, ಆದ್ದರಿಂದ ತಯಾರಿಯಲ್ಲಿರುವವು ಸರಾಸರಿ 4. ಬೇಡಿಕೆ ಸಮನಾಗಿ ಹರಿದು ಬರುವುದಿಲ್ಲವಾದ್ದರಿಂದ ಸಿದ್ಧವಾಗಿ ನಿಂತಿರಲು ಇನ್ನೊಂದು 4 ಸೇರಿಸಿ. ಒಟ್ಟು 28 ಆಯಿತು, ಧಾರಾಳವಾಗಿ 32 ಎನ್ನಿ. ಒಂದಕ್ಕೆ 4 ಜಿಬಿಯಂತೆ 128 ಜಿಬಿ, ಅಂದರೆ ನಿಮ್ಮ ಸರ್ವರ್‌ನ ಅರ್ಧ ಮೆಮೊರಿ. ಅಂಕಿಗಳು ನನ್ನ ಊಹೆ, ಲೆಕ್ಕದ ರೀತಿ ಮಾತ್ರ ನಿಮ್ಮದಕ್ಕೂ ಹೊಂದುತ್ತದೆ. ತಯಾರಿಯ ಸಮಯವನ್ನು ರಾತ್ರಿ ಸರ್ವರ್ ಖಾಲಿ ಇರುವಾಗ ಅಳೆಯಬೇಡಿ. ಬೆಳಿಗ್ಗೆ ಹತ್ತಕ್ಕೆ ಎಲ್ಲವೂ ಒಟ್ಟಿಗೆ ಬೂಟ್ ಆಗುತ್ತ ಡಿಸ್ಕ್ ಏದುಸಿರು ಬಿಡುತ್ತಿರುವಾಗ ಅಳೆಯಿರಿ.

ಎಲ್ಲ ಬಗೆಯ ಯಂತ್ರಗಳಿಗೂ ಒಂದೇ ಪೂಲ್ ಆಗದು. ಬೇಡಿಕೆ ಹೆಚ್ಚಿರುವ ಎರಡು ಮೂರು ಬಗೆಗಳನ್ನಷ್ಟೇ ಸಿದ್ಧವಾಗಿಟ್ಟು, ತಿಂಗಳಿಗೊಮ್ಮೆ ಬೇಕಾಗುವುದನ್ನು ಕೇಳಿದಾಗ ತಯಾರಿಸಿಕೊಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯಾದರೂ, ಗ್ರಾಹಕರಲ್ಲಿ ಅದಿನ್ನೂ ಇದ್ದರೆ ಟೆಂಪ್ಲೇಟ್ ಇರಲೇಬೇಕು, ಸಿದ್ಧ ಯಂತ್ರ ಇರಬೇಕಾಗಿಲ್ಲ.

ಎಕ್ಸೆಲ್ ಹಾಳೆಯ ಬದಲು ಪ್ರತಿ ಯಂತ್ರಕ್ಕೂ ಒಂದು ಆಯುಷ್ಯ ಗೊತ್ತುಮಾಡಿ. ಎರಡು ಗಂಟೆ ಕಳೆದ ಮೇಲೆ ಬಳಸುತ್ತಿರುವವರೇ ಅವಧಿಯನ್ನು ವಿಸ್ತರಿಸಿಕೊಳ್ಳಬೇಕು. ಇಲ್ಲವಾದರೆ ಯಾರನ್ನೂ ಕೇಳದೆ ಅದು ಅಳಿದುಹೋಗಬೇಕು. ಮೊದಲ ವಾರ ಜಗಳಗಳಾಗುತ್ತವೆ, ಆಗಲಿ. ಫೇಲಾದ ಯಂತ್ರವನ್ನು ತಪಾಸಣೆಗೆಂದು ಉಳಿಸಿಕೊಳ್ಳುವುದು ನ್ಯಾಯವೇ, ಆದರೆ ಅದನ್ನು ಪೂಲ್‌ನ ಲೆಕ್ಕದಿಂದ ಹೊರಗಿಟ್ಟು, ಲಾಗ್‌ಗಳನ್ನು ಬೇರೆಡೆ ನಕಲು ಮಾಡಿಕೊಂಡು, ಒಂದು ದಿನಕ್ಕಿಂತ ಹೆಚ್ಚು ಇರಿಸದಿರುವುದು ಒಳ್ಳೆಯದು. ಪಪೆಟ್ ಸಂಸ್ಥೆಯವರು ತಮ್ಮ ಟೆಸ್ಟಿಂಗ್‌ಗಾಗಿ ಬರೆದು ಮುಕ್ತವಾಗಿ ಕೊಟ್ಟ ವಿಎಂಪೂಲರ್ ಎಂಬ ತಂತ್ರಾಂಶ, ಆಯುಷ್ಯ ಗೊತ್ತುಮಾಡಿ ಅಳಿಸುವ ಇದೇ ಕ್ರಮವನ್ನು ಅನುಸರಿಸುತ್ತದೆ. ನಿಮ್ಮ ಗಾತ್ರದ ತಂಡಕ್ಕೆ ಅಷ್ಟೂ ಬೇಕಾಗಲಿಕ್ಕಿಲ್ಲ. ನಿಮಿಷಕ್ಕೊಮ್ಮೆ ಓಡಿ, ಅವಧಿ ಮುಗಿದವನ್ನು ಅಳಿಸಿ, ಕೊರತೆಯಾದಷ್ಟನ್ನು ತಯಾರಿಸುವ ಒಂದು ಪುಟ್ಟ ಸ್ಕ್ರಿಪ್ಟ್ ಸಾಕು.

ಪ್ರಶ್ನೆ: ನಾನು ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕಿ. ಲ್ಯಾಬ್‌ಗಾಗಿ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ಬಳಸಿ, ಒಂದೇ ಉಬುಂಟು ಡಿಸ್ಕ್‌ನಿಂದ 30 ಕ್ಲೋನ್‌ಗಳನ್ನು (ನಕಲು ಯಂತ್ರಗಳನ್ನು) ಮಾಡಿದೆವು. ಕೆಲವು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಬರುತ್ತಿದೆ. ಕಳೆದ ವಾರ ಪ್ರಾಯೋಗಿಕ ತರಗತಿಯ ನಡುವೆ ಎಲ್ಲ ಯಂತ್ರಗಳೂ ಒಮ್ಮೆಲೇ ನಿಂತುಹೋದವು, ಕರೆಂಟ್ ಹೋಗಿರಲಿಲ್ಲ. ಏಕೆ?

ಉತ್ತರ: ಒಂದೇ ವಿಳಾಸ ಬರುವುದಕ್ಕೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕಾರಣವೆಂದು ಹಲವರು ಭಾವಿಸುತ್ತಾರೆ. ಅದು ಬೇರೆ ಬೇರೆಯಾಗಿದ್ದರೂ ಈ ತೊಂದರೆ ಬರಬಹುದು. ಉಬುಂಟು ಸರ್ವರ್ ತನ್ನನ್ನು ಐಪಿ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರ್‌ಗೆ ಪರಿಚಯಿಸಿಕೊಳ್ಳುವಾಗ ಇಟಿಸಿ ಫೋಲ್ಡರಿನಲ್ಲಿರುವ ಮೆಷಿನ್-ಐಡಿ ಫೈಲಿನಿಂದ ಹುಟ್ಟಿದ ಗುರುತನ್ನು ಬಳಸುತ್ತದೆ. ಡಿಸ್ಕ್‌ನೊಂದಿಗೆ ಆ ಫೈಲೂ ನಕಲಾಗಿರುವುದರಿಂದ ಎಲ್ಲ ಕ್ಲೋನ್‌ಗಳೂ ಒಂದೇ ಯಂತ್ರವೆಂಬಂತೆ ಕಾಣುತ್ತವೆ. ಟೆಂಪ್ಲೇಟ್‌ನಲ್ಲಿ ಆ ಫೈಲನ್ನು ಖಾಲಿ ಮಾಡಿಟ್ಟರೆ ಪ್ರತಿ ಕ್ಲೋನ್ ತನ್ನ ಮೊದಲ ಬೂಟ್‌ನಲ್ಲಿ ಹೊಸ ಗುರುತನ್ನು ಸೃಷ್ಟಿಸಿಕೊಳ್ಳುತ್ತದೆ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ (ದೂರದಿಂದ ಲಾಗಿನ್ ಆಗುವವರಿಗೆ ಯಂತ್ರದ ಗುರುತು ತೋರಿಸುವ ಕೀಗಳು) ಟೆಂಪ್ಲೇಟ್‌ನಿಂದ ತೆಗೆದು, ಕ್ಲೋನ್‌ನಲ್ಲಿ ಹೊಸದಾಗಿ ಹುಟ್ಟುವಂತೆ ನೋಡಿಕೊಳ್ಳಿ. ವರ್ಟ್-ಸಿಸ್‌ಪ್ರೆಪ್ ಎಂಬ ಸಲಕರಣೆ ಈ ಬಗೆಯ ಗುರುತುಗಳನ್ನು ಟೆಂಪ್ಲೇಟ್‌ನಿಂದ ಕಳೆಯುತ್ತದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಸಿಸ್‌ಪ್ರೆಪ್ ಇದೆ.

ಮುಂದೆ ನೀವು ಪ್ರತಿ ತರಗತಿಗೂ ಹೊಸ ಯಂತ್ರಗಳನ್ನು ಕೊಡತೊಡಗಿದಾಗ ವಿಳಾಸಗಳೇ ಮುಗಿದುಹೋಗುವ ಸಂದರ್ಭ ಬರಬಹುದು. ಅಳಿಸಿದ ಯಂತ್ರದ ವಿಳಾಸ, ಲೀಸ್ ಅವಧಿ (ವಿಳಾಸವನ್ನು ಅದಕ್ಕೆ ಕೊಟ್ಟ ಕಾಲಾವಧಿ) ಮುಗಿಯುವವರೆಗೂ ಅದರ ಹೆಸರಿನಲ್ಲಿಯೇ ಇರುತ್ತದೆ. ಸಾಮಾನ್ಯ ಲ್ಯಾಬ್ ಜಾಲದಲ್ಲಿ ಹೆಚ್ಚೆಂದರೆ 254 ವಿಳಾಸಗಳಿರುತ್ತವೆ. ಲೀಸ್ 24 ಗಂಟೆಯದಾಗಿದ್ದು, ದಿನಕ್ಕೆ ಹತ್ತು ಸಲ ಮೂವತ್ತು ಮೂವತ್ತು ಯಂತ್ರಗಳು ಹುಟ್ಟಿದರೆ ಸಂಜೆಯ ಬ್ಯಾಚಿಗೆ ಜಾಲವೇ ಸಿಗದು. ಲೀಸನ್ನು ಅರ್ಧ ಗಂಟೆಗೋ ಒಂದು ಗಂಟೆಗೋ ಇಳಿಸಿ.

ಎಲ್ಲವೂ ಒಮ್ಮೆಲೇ ನಿಂತದ್ದಕ್ಕೆ ಸರ್ವರ್‌ನ ಡಿಸ್ಕ್ ತುಂಬಿದ್ದೇ ಕಾರಣವೆಂದು ನನ್ನ ಅನುಮಾನ. ಮೂಲ ಡಿಸ್ಕನ್ನು ಆಧರಿಸಿ ಮಾಡಿದ ಕ್ಯೂಕೌ2 (ಒಂದು ಬಗೆಯ ಡಿಸ್ಕ್ ಫೈಲು) ಮಾದರಿಯ ಕ್ಲೋನ್, ಮೂಲ ಡಿಸ್ಕ್‌ಗಿಂತ ಭಿನ್ನವಾದ ಭಾಗವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ, ಆದ್ದರಿಂದ ಹುಟ್ಟುವಾಗ ತೀರ ಚಿಕ್ಕದು. ವಿದ್ಯಾರ್ಥಿಗಳು ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುತ್ತ ಹೋದಂತೆ ಮೂವತ್ತೂ ಒಟ್ಟಿಗೆ ಬೆಳೆಯುತ್ತವೆ. ಬರೆಯಲು ಜಾಗವಿಲ್ಲದಾಗ, ವಿಎಂಗಳನ್ನು ಓಡಿಸುವ ಕ್ಯೂಎಮು ತಂತ್ರಾಂಶ ಆ ಯಂತ್ರವನ್ನು ತಾನಾಗಿಯೇ ತಡೆದು ನಿಲ್ಲಿಸುತ್ತದೆ. ವಿಎಂ ನಿರ್ವಹಿಸುವ ಆಜ್ಞೆಯಾದ ವರ್ಶ್‌ನ ಪಟ್ಟಿಯಲ್ಲಿ ಅವುಗಳ ಸ್ಥಿತಿ 'paused' (ತಡೆದು ನಿಲ್ಲಿಸಿದೆ) ಎಂದು ತೋರಿಸಿದರೆ ನನ್ನ ಅನುಮಾನ ಬಹುಮಟ್ಟಿಗೆ ನಿಜ. ಜಾಗ ಮಾಡಿಕೊಟ್ಟು 'ರೆಸ್ಯೂಮ್' ಎಂದರೆ ಅವು ನಿಂತಲ್ಲಿಂದಲೇ ಮುಂದುವರಿಯುತ್ತವೆ. ಡಿಸ್ಕ್ ಶೇಕಡ 80 ತುಂಬಿದೊಡನೆ ಹೊಸ ಕ್ಲೋನ್‌ಗಳನ್ನು ತಡೆಯುವ ನಿಯಮವೊಂದನ್ನು ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ, ನೀವು ಕೇಳದಿದ್ದರೂ: ಕ್ಲೋನ್‌ಗಳು ಇರುವವರೆಗೆ ಮೂಲ ಡಿಸ್ಕ್‌ಗೆ ಒಂದಕ್ಷರವನ್ನೂ ಬರೆಯಬೇಡಿ. 'ಒಂದು ಅಪ್‌ಡೇಟ್ ಹಾಕಿಬಿಡೋಣ' ಎಂದು ಅದನ್ನು ಬೂಟ್ ಮಾಡಿದರೆ ಮೂವತ್ತೂ ಕೆಡುತ್ತವೆ. ದಿನಾಂಕವಿರುವ ಹೊಸ ಹೆಸರಿನಲ್ಲಿ ಇನ್ನೊಂದು ಮೂಲ ಡಿಸ್ಕ್ ಮಾಡಿ, ಹೊಸ ಕ್ಲೋನ್‌ಗಳನ್ನು ಅದರಿಂದ ತೆಗೆಯಿರಿ. ಹಳೆಯದನ್ನು ಅದರ ಕೊನೆಯ ಕ್ಲೋನ್ ಹೋದ ಮೇಲೆ ಅಳಿಸಿ.

ಪ್ರಶ್ನೆ: ಶ್ರೀರಂಗಪಟ್ಟಣದಿಂದ ಬರೆಯುತ್ತಿದ್ದೇನೆ, ಈಚೆಗಷ್ಟೇ ಕೆಲಸಕ್ಕೆ ಸೇರಿದವನು. ಬೂಟ್ ಆಗುವವರೆಗೆ ಕಾಯುವ ಬದಲು, ಓಡುತ್ತಿರುವ ಯಂತ್ರವನ್ನೇ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತೆಗೆದಿಟ್ಟು ಎಬ್ಬಿಸಬಹುದಲ್ಲವೇ? ಕಂಟೇನರ್ (ಪೂರ್ತಿ ವಿಎಂ ಇಲ್ಲದೆ ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೊಟ್ಟಣ) ಬಳಸಿದರೆ ಇದೆಲ್ಲದರ ತಾಪತ್ರಯವೇ ಇರುವುದಿಲ್ಲವಲ್ಲ?

ಉತ್ತರ: ಎಬ್ಬಿಸಬಹುದು, ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತದೆ. ಆದರೆ ಎದ್ದ ಯಂತ್ರದ ಗಡಿಯಾರ ಸ್ನ್ಯಾಪ್‌ಶಾಟ್ ತೆಗೆದ ದಿನದಲ್ಲಿಯೇ ನಿಂತಿರಬಹುದು. ಆಗ ಆ ದಿನದ ನಂತರ ಕೊಟ್ಟ ಟಿಎಲ್‌ಎಸ್ ಪ್ರಮಾಣಪತ್ರಗಳೆಲ್ಲ (ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಗುರುತು ಪತ್ರಗಳು) 'ಇನ್ನೂ ಜಾರಿಗೆ ಬಂದಿಲ್ಲ' ಎಂದು ತಿರಸ್ಕೃತವಾಗುತ್ತವೆ, ಟೆಸ್ಟ್ ಬರೆದವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರುತ್ತಾರೆ. ಸಮಯ ಸರಿಪಡಿಸಿ, ಹೊಸ ಹೆಸರು ಮತ್ತು ವಿಳಾಸ ಕೊಟ್ಟು, ಲಾಗಿನ್ ಆಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಅದನ್ನು 'ಸಿದ್ಧ' ಎಂದು ಗುರುತಿಸಬೇಕು. ಬೂಟ್ ಆಗಿ ಬಂದ ಯಂತ್ರಕ್ಕೂ ಈ ಕೊನೆಯ ಪರಿಶೀಲನೆ ತಪ್ಪಬಾರದು.

ಲಿನಕ್ಸ್ ಮೇಲೆ ಓಡುವ ವೆಬ್ ಸೇವೆಯನ್ನು ಪರೀಕ್ಷಿಸುವವರಾದರೆ ಕಂಟೇನರ್ ಸಾಕು, ವಿಎಂ ದುಂದು. ಕಂಟೇನರ್ ತನ್ನನ್ನು ಓಡಿಸುವ ಆತಿಥೇಯ ಯಂತ್ರದ ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಂನ ತಿರುಳನ್ನೇ) ಹಂಚಿಕೊಳ್ಳುವುದರಿಂದ ಡ್ರೈವರ್, ಕರ್ನಲ್ ಮಾಡ್ಯೂಲ್, ಡೆಸ್ಕ್‌ಟಾಪ್ ವಿಂಡೋಸ್‌ನ ಇನ್‌ಸ್ಟಾಲರ್, ಯಂತ್ರ ರೀಬೂಟ್ ಆದ ಮೇಲಿನ ನಡವಳಿಕೆ ಇವುಗಳ ಪರೀಕ್ಷೆಗೆ ಅದು ಒದಗದು. ನಡುವಿನ ದಾರಿಯಾಗಿ, ಅಮೆಜಾನ್ 2018ರಲ್ಲಿ ಮುಕ್ತಗೊಳಿಸಿದ ಫೈರ್‌ಕ್ರ್ಯಾಕರ್ ಇದೆ; ಅದರ ಪುಟ್ಟ ವಿಎಂಗಳು ಸುಮಾರು 125 ಮಿಲಿಸೆಕೆಂಡುಗಳಲ್ಲಿ ಏಳುತ್ತವೆ, ಅಷ್ಟು ವೇಗಕ್ಕೆ ಸಿದ್ಧ ಯಂತ್ರಗಳ ಪೂಲ್ ಹೆಚ್ಚುಕಡಿಮೆ ಅನಗತ್ಯವೇ ಆಗುತ್ತದೆ. ಆದರೆ ಅದರಲ್ಲಿ ವಿಂಡೋಸ್ ಓಡಿಸುವ ಆಸೆ ಇಟ್ಟುಕೊಳ್ಳಬೇಡಿ. ಅದು ವಿಎಂ ಒಳಗೆ ಲಿನಕ್ಸ್ ಓಡಿಸುವುದನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ್ದು.