ದೊಡ್ಡಪ್ಪ ಬೆರಳಿಟ್ಟು ಓದಿಸುವ ಆ ಒಂದು ವಚನ

ಪ್ರಶ್ನೆ: ಅಮ್ಮಾ, ನನ್ನ ತಮ್ಮ ತಾನು ಗೇ ಎಂದು ಮನೆಯಲ್ಲಿ ಹೇಳಿಕೊಂಡಿದ್ದಾನೆ. ಅವತ್ತಿನಿಂದ ದೊಡ್ಡಪ್ಪ ಬಂದಾಗಲೆಲ್ಲ ಸತ್ಯವೇದ (ಬೈಬಲ್) ತೆರೆದು, ಯಾಜಕಕಾಂಡದ ಒಂದು ವಚನದ ಮೇಲೆ ಬೆರಳಿಟ್ಟು, ಅವನಿಂದಲೇ ಗಟ್ಟಿಯಾಗಿ ಓದಿಸುತ್ತಾರೆ. ನಾನು ದಿನಾ ಸತ್ಯವೇದ ಓದುವವಳು. ಇಂಥವರನ್ನು ಕೀಳಾಗಿ ಕಾಣಿ ಅಂತ ದೇವರ ವಾಕ್ಯವೇ ಹೇಳುತ್ತದೆಯೇ? ಹಾಗಿದ್ದರೆ ಅದನ್ನು ಇನ್ನು ಹೇಗೆ ಓದಲಿ?
- ಹೆಸರು ಬೇಡ

ಉತ್ತರ: ತಂಗೀ, ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ವಚನ ಅಲ್ಲಿದೆ. 18ನೇ ಅಧ್ಯಾಯದ 22ನೇ ವಚನ ಗಂಡು ಗಂಡನ್ನು ಕೂಡಬಾರದು ಅನ್ನುತ್ತದೆ. 20ನೇ ಅಧ್ಯಾಯದ 13ನೇ ವಚನ ಅದಕ್ಕೆ ಮರಣಶಿಕ್ಷೆ ಹೇಳುತ್ತದೆ. ಗ್ರಂಥದಲ್ಲಿ ಬರೀ ಪ್ರೀತಿಯೇ ಇದೆ ಅಂತ ನಾನು ಸುಮ್ನೆ ತೇಲಿಸಿಬಿಟ್ಟರೆ ಆ ಸಾಲನ್ನು ಬಾಯಿಬಿಟ್ಟು ಓದಿದ ನಿಮ್ಮ ತಮ್ಮನಿಗೇ ಅನ್ಯಾಯ. 1533ರಲ್ಲಿ, ಎಂಟನೇ ಹೆನ್ರಿ ದೊರೆಯ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಗಂಡು ಗಂಡನ್ನು ಕೂಡಿದ್ದಕ್ಕೆ ಗಲ್ಲುಶಿಕ್ಷೆಯ ಕಾನೂನೇ ಬಂತು.

ಆದರೆ ಬೆರಳು ಎಲ್ಲಿ ನಿಲ್ಲಬೇಕು ಅಂತ ಪುಸ್ತಕ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಬೆರಳಿಟ್ಟವರ ಮನಸ್ಸು. ನಾನು ಸಂಡೇ ಸ್ಕೂಲಿನಲ್ಲಿ ಬಹಳ ಕಾಲ ಪಾಠ ಹೇಳಿದವಳು. 18 ಮತ್ತು 20ರ ನಡುವೆ ಇರುವ 19ನೇ ಅಧ್ಯಾಯ ನನಗೆ ತುಂಬ ಇಷ್ಟ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಬಡವರಿಗೂ ಪರದೇಶದವರಿಗೂ ಬಿಡು. ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬಯ್ಯಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಎಲ್ಲ ಆ ಒಂದೇ ಅಧ್ಯಾಯದಲ್ಲಿದೆ. ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಹಾಕಬೇಡ, ಗಡ್ಡದ ಅಂಚು ಕತ್ತರಿಸಬೇಡ ಅಂತಲೂ ಅಲ್ಲೇ ಇದೆ. ಗಡ್ಡ ಬೋಳಿಸಿದವರಿಂದ ಯಾರೂ ಆ ವಚನ ಓದಿಸುವುದಿಲ್ಲ, ಅಲ್ವಾ? ತಂದೆತಾಯಿಯನ್ನು ಶಪಿಸಿದವನಿಗೂ 20ನೇ ಅಧ್ಯಾಯದಲ್ಲಿ ಮರಣಶಿಕ್ಷೆಯೇ. ಅದನ್ನು ನಾವು ಆ ಕಾಲದ ಮಾತು ಅಂತ ಬದಿಗಿಟ್ಟಿದ್ದೇವೆ.

ದೇವರು ಬೆಂಕಿ ಸುರಿಸಿ ನಾಶಮಾಡಿದ ಸೊದೋಮ್ ಊರಿನ ಕಥೆಯನ್ನೂ ತೆಗೆಯುತ್ತಾರೆ. ಆದಿಕಾಂಡದಲ್ಲಿ ಊರಿನ ಗಂಡಸರೆಲ್ಲ ಸೇರಿ ಲೋಟನ ಮನೆ ಮುತ್ತಿ, ಬಂದ ಅತಿಥಿಗಳ ಮೇಲೆ ಬಲಾತ್ಕಾರ ಮಾಡಲು ನೋಡುತ್ತಾರೆ. ಇಬ್ಬರು ಒಪ್ಪಿ ಬಾಳುವುದಕ್ಕೂ ಇದಕ್ಕೂ ಏನು ಸಂಬಂಧ? ನ್ಯಾಯಸ್ಥಾಪಕರು ಪುಸ್ತಕದ 19ನೇ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಇದೇ ಕಥೆ ಬರುತ್ತದೆ. ಅಲ್ಲಿ ಬಲಿಯಾಗುವವಳು ಹೆಂಗಸು. ಅದನ್ನು ಓದಿ ಗಂಡುಹೆಣ್ಣಿನ ಪ್ರೀತಿಯೇ ಪಾಪ ಅಂದವರನ್ನು ನಾನು ಕಂಡಿಲ್ಲ. ಇನ್ನು ಪ್ರವಾದಿ ಯೆಹೆಜ್ಕೇಲನು ತನ್ನ ಪುಸ್ತಕದ 16ನೇ ಅಧ್ಯಾಯದಲ್ಲಿ ಸೊದೋಮಿನ ದೋಷ ಯಾವುದೆಂದು ಬಾಯಿಬಿಟ್ಟೇ ಹೇಳುತ್ತಾನೆ. ಸೊಕ್ಕು, ಹೊಟ್ಟೆ ತುಂಬಿದ ನಿಶ್ಚಿಂತೆ, ಬಡವರಿಗೆ ಕೈ ಚಾಚದೆ ಹೋದದ್ದು. ಮುಂದೆ ಅಸಹ್ಯ ಕೃತ್ಯ ಅನ್ನುವ ಮಾತೂ ಬರುತ್ತದೆ. ಆದರೆ ಮೊದಲ ಮಾತು ಸೊಕ್ಕು.

ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನ ಮಾತು ಇದಕ್ಕಿಂತ ಕಷ್ಟದ್ದು. ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಅವನು ಇದನ್ನು ಕಟುವಾಗಿಯೇ ಖಂಡಿಸುತ್ತಾನೆ. ಹೊಟ್ಟೆಕಿಚ್ಚು, ಚಾಡಿ, ಜಂಬ ಎಲ್ಲವನ್ನೂ ಅದೇ ಸಾಲಿನಲ್ಲಿ ಹಿಡಿಯುತ್ತಾನೆ. ಪುಟ ತಿರುವಿದ ಕೂಡಲೇ 2ನೇ ಅಧ್ಯಾಯ ಶುರುವಾಗುವುದು, ಇನ್ನೊಬ್ಬರಿಗೆ ತೀರ್ಪು ಕೊಡುವವನೇ, ನಿನಗೂ ತಪ್ಪಿಸಿಕೊಳ್ಳಲು ದಾರಿಯಿಲ್ಲ ಅಂತ. ದೊಡ್ಡಪ್ಪ ಅಲ್ಲಿಯವರೆಗೆ ಓದಿಸುತ್ತಾರೋ? ಯೇಸು ಈ ವಿಷಯ ಮಾತಾಡಿದ್ದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಗಂಡಹೆಂಡತಿ ಬಿಡುವುದರ ಬಗ್ಗೆ ಮಾತ್ರ ಖಡಾಖಂಡಿತವಾಗಿ ಮಾತಾಡಿದ್ದಾನೆ. ವಿಚ್ಛೇದನ ಆದವರನ್ನು ನಾವು ಹೀಗೆ ಕೂರಿಸಿ ಓದಿಸುತ್ತೇವೆಯೇ?

ಬೇರೆ ಧರ್ಮದ ಓದುಗರಿಗೂ ಒಂದು ಮಾತು. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಒಂದು ಕಡೆ ಗಂಡು ಗಂಡನ್ನು ಕೂಡಿದ್ದಕ್ಕೆ ಹೇಳಿದ ಪ್ರಾಯಶ್ಚಿತ್ತ ಉಟ್ಟ ಬಟ್ಟೆಯಲ್ಲೇ ಸ್ನಾನ. ಹಗಲು ಹೊತ್ತು ಹೆಂಗಸನ್ನು ಕೂಡಿದವನಿಗೂ ಅದೇ ಸ್ನಾನ.

ಹಿಂದೆ ಗುಲಾಮರ ವಿಷಯದಲ್ಲೂ ಹೀಗೇ ಆಗಿತ್ತು. ದಾಸರೇ, ಯಜಮಾನರ ಮಾತು ಕೇಳಿ ಅನ್ನುವ ಪೌಲನ ಪತ್ರದ ವಚನ ಹಿಡಿದು ಗುಲಾಮಗಿರಿಯನ್ನು ಸಮರ್ಥಿಸಿದರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆ 1845ರಲ್ಲಿ ಹುಟ್ಟಿದ್ದೇ ಈ ಜಗಳದಲ್ಲಿ, ಗುಲಾಮರ ಒಡೆಯರ ಪರವಾಗಿ. 1995ರಲ್ಲಿ ಅದೇ ಸಭೆ ಕ್ಷಮೆ ಕೇಳಿತು. ವಚನ ಇವತ್ತಿಗೂ ಅಲ್ಲೇ ಇದೆ, ಬೆರಳು ಮಾತ್ರ ಸರಿದಿದೆ. ಸಲಿಂಗ ಪ್ರೇಮಿಗಳ ವಿಷಯದಲ್ಲೂ ಸರಿಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ನೀವು ಓದುವುದನ್ನು ಬಿಡಬೇಡಿ. ದೊಡ್ಡಪ್ಪ ಮುಂದಿನ ಸಲ ಪುಸ್ತಕ ತೆಗೆದರೆ, ಯಾಜಕಕಾಂಡದ 18ರಿಂದ 20ನೇ ಅಧ್ಯಾಯದವರೆಗೆ ನಿಲ್ಲಿಸದೆ ನೀವೇ ಗಟ್ಟಿಯಾಗಿ ಓದಿ. ತಮ್ಮನಿಂದ ಓದಿಸಲು ಬಿಡಬೇಡಿ. ಅಕ್ಕ ನನ್ನ ಕಡೆ ಇದ್ದಾಳೆ ಅಂತ ಅವನಿಗೆ ಎಲ್ಲರೆದುರೇ ಗೊತ್ತಾಗಲಿ. ಅವನನ್ನು ಗುಣಪಡಿಸುವ ಪ್ರಾರ್ಥನೆಗೆ ಅಂತ ಯಾರಾದರೂ ಕರೆದರೆ ಕಳಿಸಬೇಡಿ. ಇದು ಕಾಯಿಲೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು 1990ರ ಮೇ 17ರಂದು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ.