ಪಾದರಸವನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ

ನಮಸ್ಕಾರ.

ಥರ್ಮಾಮೀಟರ್ ಬೆಳೆದುಬಂದ ಬಗೆಯನ್ನು ಕುರಿತ ನಿಮ್ಮ 'ಉಷ್ಣಮಾಪಕದ ವಿಕಾಸ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ನೋಡುತ್ತೇನೆ.

ಮೊದಲು ತಪ್ಪುಗಳು. 1742ರಲ್ಲಿ ಸೆಲ್ಸಿಯಸ್ ಮಂಜುಗಡ್ಡೆಗೆ 0, ಕುದಿಯುವ ನೀರಿಗೆ 100 ಇಟ್ಟ ಎಂದಿದ್ದೀರಿ. ಅವನು ಇಟ್ಟಿದ್ದು ಉಲ್ಟಾ! ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100. ಅದನ್ನು ತಿರುಗಿಸಿದವರು ಬೇರೆಯವರು. ಇಷ್ಟು ಸ್ವಾರಸ್ಯದ ಸಂಗತಿಯನ್ನು ಕೈಬಿಟ್ಟರೆ ಹೇಗೆ?

ಇನ್ನೊಂದು. ನಿಮ್ಮಲ್ಲಿ ಇಬ್ಬರು 'ರೋಮರ್' ಇದ್ದಾರೆ. ಒಬ್ಬ ಡೆನ್ಮಾರ್ಕಿನವನು, ಅವನ ಅಳತೆಯಲ್ಲಿ ನೀರು 60ಕ್ಕೆ ಕುದಿಯುತ್ತದೆ. ಇನ್ನೊಬ್ಬ ಫ್ರಾನ್ಸಿನವನು, ಅವನದು 80. ಎರಡನೆಯವನನ್ನು ರೆಯೋಮ್ಯೂರ್ ಎಂದು ಬರೆಯಿರಿ, ಇಲ್ಲದಿದ್ದರೆ ಓದುವವರಿಗೆ ತಲೆ ಕೆಡುತ್ತದೆ. ನನಗಂತೂ ಕೆಟ್ಟಿತು.

ನನ್ನ ದೊಡ್ಡ ತಕರಾರು ಬೇರೆ. ಅಂಕಿಗಳನ್ನೆಲ್ಲ ಸಾಲಾಗಿ ಕೊಟ್ಟಿದ್ದೀರಿ, ಕೊಳವೆಯೊಳಗೆ ಏನಿತ್ತು ಎಂದು ಹೇಳಲೇ ಇಲ್ಲ. ಆ 80 ಎಲ್ಲಿಂದ ಬಂತು? 1730ರಲ್ಲಿ ರೆಯೋಮ್ಯೂರ್ ತುಂಬಿದ್ದು ನೀರು ಬೆರೆಸಿದ ಆಲ್ಕೋಹಾಲ್. ಮಂಜುಗಡ್ಡೆಯ ಚಳಿಯಲ್ಲಿ 1000 ಪಾಲಿದ್ದದ್ದು ಕುದಿಯುವ ನೀರಿನ ಬಿಸಿಗೆ 1080 ಪಾಲಾಗಬೇಕು, ಹಾಗೆ ಹದ ಮಾಡಿಕೊಂಡ. ಅಂದರೆ ಅಂಕಿ ಹುಟ್ಟಿದ್ದೇ ದ್ರವದಿಂದ. ಆಮೇಲೆ ಅದೇ ಅಳತೆಯ ಕೊಳವೆಗೆ ಪಾದರಸ ಬಂತು, 80 ಮಾತ್ರ ಹಾಗೇ ಉಳಿಯಿತು. ನ್ಯೂಟನ್ ಅಗಸೆ ಎಣ್ಣೆ ತುಂಬಿದ್ದನ್ನು ನೀವು ಆವರಣದಲ್ಲಿ ಹಾಕಿ ಮುಗಿಸಿದ್ದೀರಿ. ಅದನ್ನು ಹೊರಗೆ ತನ್ನಿ. 'ಸುಮ್ನೆ ನೀರೇ ತುಂಬಬಹುದಿತ್ತಲ್ವಾ?' ಎಂದು ಯಾವ ಮಗುವಾದರೂ ಕೇಳುತ್ತದೆ. 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ನೀರು ಕುಗ್ಗುವ ಬದಲು ಹಿಗ್ಗುತ್ತದೆ. ಇದಕ್ಕೆ ಒಂದು ಸಾಲು ಬೇಕು.

ಫ್ಯಾರನ್‌ಹೀಟ್ ಮಂಜುಗಡ್ಡೆ, ನೀರು, ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಕಲೆಸಿ 0 ಹಿಡಿದ ಭಾಗ ಚೆನ್ನಾಗಿದೆ. ಮುಟ್ಟಬೇಡಿ.

ಲೇಖನದ ಜೀವ ಇರುವುದು ನಾಲ್ಕನೇ ಪುಟದ ಎರಡು ಸಾಲಿನಲ್ಲಿ. 1735ರಲ್ಲಿ ಸೈಬೀರಿಯಾದ ಯೆನಿಸೈಸ್ಕ್‌ನಲ್ಲಿ ಗ್ಮೇಲಿನ್ ಎಂಬ ವಿಜ್ಞಾನಿ ಪಾದರಸದ ಕೊಳವೆ ನೋಡಿ ಸೊನ್ನೆಗಿಂತ 120 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಎಂದು ಬರೆದುಕೊಂಡ. ಅಷ್ಟು ಚಳಿ ಅಲ್ಲಿ ಇರಲೇ ಇಲ್ಲ. ಸೊನ್ನೆಗಿಂತ 39 ಡಿಗ್ರಿ ಸೆಲ್ಸಿಯಸ್ ಕೆಳಗೆ ಪಾದರಸವೇ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಇನ್ನೂ ಕುಗ್ಗುತ್ತದೆ. ಅದನ್ನೇ ಅವನು ಚಳಿ ಎಂದು ಓದಿದ್ದ. ಪಾದರಸವೂ ಹೆಪ್ಪುಗಟ್ಟುತ್ತದೆ ಎಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬ್ರೌನ್ ಎಂಬ ವಿಜ್ಞಾನಿ ತೋರಿಸಿದ್ದು 1759ರಲ್ಲಿ. ಲೇಖನ ಇಲ್ಲಿಂದಲೇ ಶುರುವಾಗಲಿ.

'ಮಾನವನ ಜ್ಞಾನದಾಹ ಅನಂತ' ಎಂಬ ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ಉಷ್ಣಮಾಪಕ ಬೇಡ, ಥರ್ಮಾಮೀಟರ್ ಸಾಕು. 900 ಪದ ದಾಟಿಸಬೇಡಿ.

ಇಂತಿ,
ಸಂಪಾದಕ